ಕಡೆಗೆ ಅಂಟಿಸಿದ C

ಆ ದಿನಗಳಲ್ಲಿ, ಕೊಟ್ಟೂರಿನ ನಮ್ಮ ಕಾಲೇಜಿನಲ್ಲಿ, ಕಿರುಪರೀಕ್ಷೆ ಮುಗಿದ ಕೂಡಲೇ ಪಕ್ಕದವರ ಉತ್ತರವನ್ನು ನಾವೇ ತಿದ್ದಬೇಕಿತ್ತು. ನಿಮ್ಮಲ್ಲೂ ಹಾಗೇ ಇದ್ದಿರಬೇಕು. ಕಿಟಕಿಯಿಂದ ಮಿರ್ಚಿ ಕರಿಯುವ ವಾಸನೆ ಬಂದರೂ ನನ್ನ ಕೆಂಪು ಪೆನ್ನು ಅಲುಗುತ್ತಿರಲಿಲ್ಲ. ಸೆಕೆಂಡ್ ಪಿಯುಸಿಯಲ್ಲಿ ಗಣಿತಕ್ಕೆ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂಬ ಜಂಬ ನನಗಿತ್ತು, ಅದು ಪೂರ್ತಿ ಸುಳ್ಳೂ ಅಲ್ಲ.

ಒಂದು ಸಲ ಕಿರುಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂದವರೊಬ್ಬರನ್ನು ಹೊಸಪೇಟೆಯ ಗಣಿತ ಸ್ಪರ್ಧೆಗೆ ಕಳಿಸುವುದಿತ್ತು. ನನಗೂ ಪಕ್ಕದ ಗೌರಿಗೂ ಎಲ್ಲ ಉತ್ತರ ಒಂದೇ. ಕೊನೆಯ ಲೆಕ್ಕ ಮಾತ್ರ ಬೇರೆ: dy/dx = y/x. ಇಂಟಿಗ್ರೇಷನ್ ಮಾಡಿದಾಗ ಬರುವ ಸ್ಥಿರಾಂಕ C ಯನ್ನು ನಾನು ಸಾರಿಗೆ ಒಗ್ಗರಣೆ ಕೊಟ್ಟಂತೆ ಕಟ್ಟಕಡೆಗೆ ಹಾಕುತ್ತಿದ್ದೆ. ನನ್ನದು y = x + C, ಅವಳದು y = Cx. ಗೀಚಿ ಸೊನ್ನೆ ಕೊಟ್ಟೆ.

"ಲೇ ಗೌರಿ, C ನ ಯಾರಾದ್ರೂ ಗುಣಸ್ತಾರೇನ? ಕೂಡಸಬೇಕು."

"ನಾ ಲಾಗ್ ಇದ್ದಾಗ್ಲೇ ಹಾಕೀನಲ್ಲ..." ಎಂದವಳು, "ನೀ ಹೇಳಿದ ಮ್ಯಾಲೆ ಸರಿನ ಇರ್ತೈತಿ ಬಿಡು" ಎಂದು ನನಗೆ ಪೂರಾ ಅಂಕ ಹಾಕಿದಳು. ಗಣಿತದ ಸರ್ ಸ್ಪರ್ಧೆಗೆ ನನ್ನ ಹೆಸರು ಓದಿದರು.

ಸಂಜೆ ಹಗರಿಬೊಮ್ಮನಹಳ್ಳಿಗೆ ಹೊರಟ ರೈಲಿನಲ್ಲಿ ಮಂಡಕ್ಕಿ ಮುಕ್ಕುತ್ತ ನನ್ನ ಉತ್ತರವನ್ನು ಸುಮ್ಮನೆ ಡಿಫರೆನ್ಶಿಯೇಟ್ ಮಾಡಿ ನೋಡಿದೆ. ಬರೀ 1 ಬಂತು, y/x ಬರಲಿಲ್ಲ. ಗೌರಿಯದನ್ನು ಮಾಡಿದೆ, y/x ಸರಿಯಾಗಿ ಬಂತು. C ಯನ್ನು ಲಾಗ್ ತೆಗೆಯುವ ಮೊದಲು, ಇಂಟಿಗ್ರೇಷನ್ ಮಾಡಿದ ಸಾಲಿನಲ್ಲೇ ಹಾಕಬೇಕಿತ್ತು. ಮಂಡಕ್ಕಿ ಪೊಟ್ಟಣ ಮಡಚಿಟ್ಟೆ. ನಾಚಿಕೆಯಾಯಿತು. ಸಿಟ್ಟೂ ಬಂತು, ಅದೂ ಗೌರಿಯ ಮೇಲೆ. ಸರಿಯಿದ್ದೂ ಯಾಕೆ ಜಗಳ ಆಡಲಿಲ್ಲ ಇವಳು?

ಮರುದಿನ ಸರ್ ಒಳಗೆ ಬಂದದ್ದೇ ತಡ, ಎದ್ದು ನಿಂತೆ.

"ಸರ್, ನನ್ನ ಲೆಕ್ಕ ತಪ್ಪೈತ್ರಿ. ಗೌರೀದು ಸರಿ ಐತಿ. ಹೊಸಪೇಟಿಗೆ ಆಕಿನ್ನ ಕಳಸ್ರಿ."

ಬೋರ್ಡಿನ ಮೇಲೆ ಎರಡನ್ನೂ ಬಿಡಿಸಿ ತೋರಿಸಿದೆ. ಹಿಂದಿನ ಬೆಂಚಿನವರು ಕಿಸಕ್ಕೆಂದರು. ನಾನು ಸೊಪ್ಪು ಹಾಕಲಿಲ್ಲ.

"ಹುಚ್ಚಿ, ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎಂದಳು ಗೌರಿ.

"ಇನ್ನ ಮ್ಯಾಲೆ ನನ್ ಜೊತಿ ಜಗಳಾಡು" ಎಂದೆ.

ಹೊಸಪೇಟೆಗೆ ಅವಳೇ ಹೋದಳು. ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

ಈಗ ನಾನೇ ಗಣಿತ ಕಲಿಸುತ್ತೇನೆ. C ಯನ್ನು ಎಲ್ಲಿ ಹಾಕಬೇಕೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಅವತ್ತು ಎದ್ದು ನಿಂತ ಆ ಹುಡುಗಿಯ ಗಟ್ಟಿತನ ನನ್ನಲ್ಲಿ ಎಲ್ಲೋ ಕಳೆದುಹೋಯಿತು. ಬೋರ್ಡಿನ ಮೇಲೆ ನಾನು ತಪ್ಪಿದಾಗ ಯಾರಾದರೂ ಎದ್ದು ತೋರಿಸಿದರೆ, "ಶಭಾಷ್, ನಿಮ್ಮನ್ನ ಪರೀಕ್ಷೆ ಮಾಡ್ತಿದ್ದೆ" ಎಂದುಬಿಡುತ್ತೇನೆ.

ಪಾಪ, ಮಕ್ಕಳು ನಂಬುತ್ತಾರೆ.