ಅಕ್ಕಿಕಾಳಿಗೆ ಬಂದು ನಿಂತ ಸಿ.ಡಿ.

ಆಳಂದದ ನಮ್ಮ ಓಣಿಯಲ್ಲಿ ಮೊದಲು ಕಂಪ್ಯೂಟರ್ ಬಂದದ್ದು ನಮ್ಮ ಮನೆಗೆ. ವಕೀಲಿಯ ಕಾಗದಪತ್ರಗಳನ್ನು ಮನೆಯಲ್ಲೇ ಟೈಪು ಮಾಡಿಕೊಳ್ಳುತ್ತೇನೆಂದು ಊರಿಗೆಲ್ಲ ಸಾರಿ ತಂದಿದ್ದೆ. ತಂದ ಮೇಲೆ ಅದರಲ್ಲಿ ಇಸ್ಪೀಟು ಆಡಿದ್ದೇ ಹೆಚ್ಚು. ಆದರೂ ಆ ಕೋಣೆಗೆ ನನ್ನ ಕಾನೂನುಗಳಿದ್ದವು: ಚಪ್ಪಲಿ ಹೊರಗೆ, ಕೈ ಒಣಗಿರಬೇಕು, ಕೆಲಸವಾದ ಮೇಲೆ ಮಾನಿಟರಿಗೆ ಹೆಂಡತಿ ಹೊಲಿದ ಹೂವಿನ ಮುಸುಕು. ಅವ್ವ ಇದಾವುದಕ್ಕೂ ಸೊಪ್ಪು ಹಾಕಲಿಲ್ಲ. ಡಬ್ಬಿ ಬಿಚ್ಚಿದ ದಿನವೇ ಮಾನಿಟರಿನ ನೆತ್ತಿಗೆ ಅರಿಷಿಣ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದ್ದಳು. ಹೊಸದು ಏನೇ ಬರಲಿ, ಅವಳ ಕೈಯಿಂದ ಒಂದು ಬೊಟ್ಟು ಬೀಳದೆ ಮನೆಯದಾಗುತ್ತಿರಲಿಲ್ಲ.

ಆ ವರ್ಷ ನಾಗರಪಂಚಮಿಗೆ ತಂಗಿ ಜೇವರ್ಗಿಯ ಗಂಡನ ಮನೆಯಿಂದ ಬಂದಳು. ಮದುವೆಯಾದ ಮೇಲಿನ ಮೊದಲ ಪಂಚಮಿ. ಹಬ್ಬದ ಸಿಹಿ ಉಂಡಿಯ ಡಬ್ಬಿಯ ಜೊತೆಗೆ ಅವಳ ಚೀಲದಲ್ಲಿ ಮದುವೆಯ ವಿಡಿಯೊ ಸಿ.ಡಿ. ಇತ್ತು. ಬೀಗರು ಮಾಡಿಸಿದ್ದು, ಇದ್ದದ್ದು ಒಂದೇ ಪ್ರತಿ. ಹಬ್ಬ ಮುಗಿಸಿ ಹೋಗುವಾಗ ಚೌಡಾಪುರದ ಮೇಲೆ ಹಾಯ್ದು, ಅಫಜಲಪುರದಲ್ಲಿದ್ದ ಅವಳ ಅತ್ತೆಯ ತವರಿಗೆ ಅದನ್ನು ಮುಟ್ಟಿಸಿ ಹೋಗಬೇಕಿತ್ತು. ಅವಳು ಬಂದ ದಿನವೇ ನೋಡಬಹುದಿತ್ತು. ಆದರೆ ಟ್ರಾನ್ಸ್‌ಫಾರ್ಮರ್ ಸುಟ್ಟು, ಹಬ್ಬದುದ್ದಕ್ಕೂ ಓಣಿಯಲ್ಲಿ ಕರೆಂಟಿನ ಸುದ್ದಿಯೇ ಇರಲಿಲ್ಲ. ಅಷ್ಟು ದಿನವೂ ಸಿ.ಡಿ. ದೇವರ ಜಗಲಿಯ ಮೇಲೆ ಜೋಪಾನವಾಗಿತ್ತು.

ಆ ಸಿ.ಡಿ.ಗಾಗಿ ನಮ್ಮೆಲ್ಲರಿಗಿಂತ ಹೆಚ್ಚು ಕಾದವಳು ಅವ್ವ. ಮದುವೆಯಲ್ಲಿ ಹಾಕುವ ಅಕ್ಷತೆಗೆ ನಮ್ಮ ಕಡೆ ಅಕ್ಕಿಕಾಳು ಎನ್ನುತ್ತಾರೆ. ಹೆಸರು ಅಕ್ಕಿಯದು, ಹಾಕುವುದು ಅರಿಷಿಣ ಸವರಿದ ಜೋಳ. ಮಗಳ ತಲೆಯ ಮೇಲೆ ಅಕ್ಕಿಕಾಳು ಬೀಳುವುದನ್ನು ಹೆತ್ತವಳು ನೋಡಬಾರದೆಂಬುದು ನಮ್ಮ ಮನೆತನದ ಪದ್ಧತಿ. ಅಂಗಳದ ಹಂದರದಲ್ಲಿ ಮಂಗಳಾಷ್ಟಕ ನಡೆದಾಗ ಅವ್ವ ಒಳಕೋಣೆಯ ಕದ ಹಾಕಿಕೊಂಡು ಕುಳಿತಿದ್ದಳು. ಊರೆಲ್ಲ ನೋಡಿದ್ದನ್ನು ಅವಳೊಬ್ಬಳು ಬರೀ ಕೇಳಿದ್ದಳು. ಕರೆಂಟಿಲ್ಲದ ಆ ದಿನಗಳಲ್ಲಿ, ನಾನೊಬ್ಬನೇ ಇದ್ದಾಗ ಬಂದು ಮೆಲ್ಲಗೆ ಕೇಳಿದಳು.

“ಅದರಾಗ ಅಕ್ಕಿಕಾಳ್ ಬೀಳೂದೂ ಇರ್ತದೇನಪಾ?”

ಇರುತ್ತದೆ ಎಂದೆ. ಅವ್ವನಿಗೆ ಅದನ್ನು ತೋರಿಸದೆ ತಂಗಿಯನ್ನು ಬಸ್ಸು ಹತ್ತಿಸಬಾರದೆಂದು ಆಗಲೇ ಹಟ ತೊಟ್ಟೆ. ಬೀಗರ ಮನೆಗೆ ಹೋಗಿ, ನಮ್ಮ ಮಗಳ ಮದುವೆ ತೋರಿಸಿರಿ ಎಂದು ಕೇಳುವ ಪೈಕಿಯವಳಲ್ಲ ಅವಳು.

ಕರೆಂಟು ಬಂದದ್ದು ತಂಗಿ ಹೊರಡುವ ದಿನವೇ. ಮಧ್ಯಾಹ್ನ ಬಸ್ಸು. ಅಪ್ಪ ಹೊಲಕ್ಕೆ ಹೋಗಿದ್ದ. ಹಬ್ಬಕ್ಕೆಂದು ಮಟಕಿ ಊರಿನಿಂದ ಬಂದಿದ್ದ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಇದ್ದೊಂದು ಕುರ್ಚಿಯಲ್ಲಿ ಕುಳಿತಳು. ಅವ್ವ, ತಂಗಿ, ನನ್ನ ಹೆಂಡತಿ ಚಾಪೆಯ ಮೇಲೆ. ಜಗಲಿಯಿಂದ ಸಿ.ಡಿ. ತಂದು, ಅಂಗಡಿಯವನು ಕಲಿಸಿದಂತೆ ಹೊಳೆಯುವ ಮುಖ ಕೆಳಗೆ ಮಾಡಿ, ಅಂಚನ್ನಷ್ಟೇ ಹಿಡಿದು, ಟ್ರೇಯಲ್ಲಿ ಇಳಿಸಿದೆ. ಅಷ್ಟು ನಾಜೂಕು ನನಗೆ.

ಮೊದಲು ಏನೂ ಆಗಲಿಲ್ಲ. ಪರದೆಯ ಮೇಲೆ ಹಳದಿ ಫೋಲ್ಡರುಗಳು ಸಾಲಾಗಿ ನಿಂತವು. ಮದುವೆಯಲ್ಲಿ ಇಷ್ಟು ಲಕೋಟೆ ಯಾರು ಕೊಟ್ಟರೆಂದು ಸೋದರತ್ತೆ ವಿಚಾರಿಸಿದಳು. ಒಂದೊಂದಾಗಿ ತೆರೆದು, ಎಲ್ಲಕ್ಕಿಂತ ದಪ್ಪ ಫೈಲನ್ನು ಹುಡುಕಿ, ವಿಡಿಯೊ ನಡೆಸುವ ಪ್ರೋಗ್ರಾಮಿಗೆ ಕೊಟ್ಟೆ. ಚಿತ್ರ ಬಂತು, ದನಿ ಬರಲಿಲ್ಲ. ಬ್ಯಾಂಡಿನವರು ಗಲ್ಲ ಉಬ್ಬಿಸಿ ಸುಮ್ಮನೆ ಗಾಳಿ ಊದುತ್ತಿದ್ದರು. ಬೆವರುತ್ತ ಮೇಜಿನ ಹಿಂದೆ ನುಸುಳಿ ನೋಡಿದರೆ ಸ್ಪೀಕರಿನ ಪಿನ್ನು ಮೈಕಿನ ತೂತಿನಲ್ಲಿತ್ತು. ಸರಿಯಾದದ್ದಕ್ಕೆ ಚುಚ್ಚಿದ್ದೇ ತಡ ಬ್ಯಾಂಡು ಮನೆಯೇ ಹಾರಿಹೋಗುವಂತೆ ಹೊಡೆಯಿತು. ಸೋದರತ್ತೆ ಎದೆ ಹಿಡಿದುಕೊಂಡಳು. ನನಗಾದ ಹಿಗ್ಗು ಇಷ್ಟಿಷ್ಟಲ್ಲ.

ಮದುವೆ ಸಾಗಿತು. ಭಟ್ಟರು ಮೈಕು ಹಿಡಿದರು, ಮಂಗಳಾಷ್ಟಕ ಶುರುವಾಯಿತು, ಅವ್ವ ಚಾಪೆಯಿಂದ ಒಂದು ಗೇಣು ಮುಂದೆ ಸರಿದಳು. ಜನ ಕಾಳು ಹಿಡಿದು ಕೈಯೆತ್ತಿದರು. ಅಲ್ಲಿಗೇ ಚಿತ್ರ ಬಣ್ಣಬಣ್ಣದ ಚೌಕಗಳಾಗಿ ಒಡೆದು ನಿಂತುಬಿಟ್ಟಿತು. ಎಲ್ಲರ ಕೈ ಮೇಲೆಯೇ.

ಮತ್ತೆ ಹಚ್ಚಿದೆ. ಮತ್ತೆ ಅಲ್ಲಿಯೇ ನಿಂತಿತು. ಕಂಪ್ಯೂಟರ್ ಆರಿಸಿ ಹೊತ್ತಿಸಿದೆ. ವೋಲ್ಟೇಜು ಸಾಲದೆಂದು ಫ್ಯಾನು, ಲೈಟು ಎಲ್ಲ ಬಂದ್ ಮಾಡಿಸಿ, ಸೆಕೆಯಲ್ಲಿ ಎಲ್ಲರನ್ನೂ ಬೇಯಿಸಿದೆ. ಸಿ.ಡಿ. ಮಾಡಿದವರಿಗೆ ಇಲ್ಲಿಂದಲೇ ಬೈದೆ. ಅದು ಮಾತ್ರ ಅಕ್ಕಿಕಾಳಿನ ಗೆರೆ ದಾಟಲಿಲ್ಲ.

ಸೋದರತ್ತೆ ಕುರ್ಚಿಯಿಂದಲೇ ತೀರ್ಪು ಕೊಟ್ಟಳು. “ನೋಡಬಾರದು ಅಂತ ದೇವರೇ ತಡದಾನ. ನಿನಗ್ಯಾಕ ಬೇ ಈ ಹಟ?”

ಅವ್ವ ಹುಡುಗಿಗೆ ಬುತ್ತಿ ಕಟ್ಟಬೇಕೆಂದು ಎದ್ದು ಅಡುಗೆಮನೆಗೆ ಹೋದಳು. ಅವಳ ಸಪ್ಪೆ ಮುಖ ನೋಡಿ ನಾನು ಸಿಟ್ಟೆಲ್ಲ ಟ್ರೇಯ ಗುಂಡಿಯ ಮೇಲೆ ತೀರಿಸಿದೆ. ಟ್ರೇ ಹೊರಗೆ ಬಂತು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಬಗ್ಗಿ ನೋಡಿ, ಇದರೊಳಗೆ ಕೆಂಪಗೆ ಉದುರಿದ್ದೇನು ಎಂದಳು. ಸಿ.ಡಿ.ಯನ್ನು ಎತ್ತಿ ಮಗುಚಿದಳು. ಅಷ್ಟು ನಾಜೂಕಾಗಿ ಹಿಡಿದಿದ್ದ ನಾನು ಆ ಕೆಳಗಿನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಅದರ ನಡುವಿನ ತೂತಿಗೂ ಅಂಚಿಗೂ ಮಧ್ಯದಲ್ಲಿ, ಒಂದರ ಮೇಲೊಂದು ಕೂತು ಒಣಗಿ ಗಟ್ಟಿಯಾದ ಅರಿಷಿಣ, ಅದರ ಮೇಲೆ ಕುಂಕುಮ.

“ಅತ್ತೀ, ಇದಕ್ಕ ಕುಂಕುಮ ಹಚ್ಚೀರೇನ್ರಿ?” ಎಂದು ಹೆಂಡತಿ ಕೂಗಿದಳು.

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದಳು. ಜಗಲಿಯ ಮೇಲಿದ್ದದ್ದನ್ನು ದಿನಾ ಪೂಜೆ ಮಾಡದೆ ಹೇಗೆ ಬಿಡುವುದು ಎಂದು ನಮ್ಮನ್ನೇ ಕೇಳಿದಳು. ಒಂದು ಮುಖದ ಮೇಲೆ ಯಾರೋ ಪೆನ್ನಿನಿಂದ ಗೀಚಿದ್ದರಂತೆ, ಅದು ಬೆನ್ನು. ಇನ್ನೊಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಹಾಗಾದರೆ ಅದೇ ಮುಖ. ಕುಂಕುಮ ಯಾರಾದರೂ ಬೆನ್ನಿಗೆ ಹಚ್ಚುತ್ತಾರೆಯೇ?

ಮೊದಲು ನಕ್ಕವಳು ಸೋದರತ್ತೆ. ಕುರ್ಚಿ ಕಿರುಗುಟ್ಟುವಂತೆ ನಕ್ಕು ಕಣ್ಣೊರೆಸಿಕೊಂಡಳು. “ಹಂಗಾರ ತಡದಾವ ದೇವರಲ್ಲ ಬೇ, ತಡದಾಕಿ ನೀನೇ.” ಆಮೇಲೆ ಅವಳೇ ಒಂದು ಸಂದು ಹುಡುಕಿಕೊಟ್ಟಳು. ಅಕ್ಕಿಕಾಳು ಬಿದ್ದು ತಿಂಗಳುಗಳಾದವು, ಹುಡುಗಿ ಸಂಸಾರ ಮಾಡುತ್ತಿದ್ದಾಳೆ, ಇದು ಬೀಳುವುದಲ್ಲ, ಬಿದ್ದದ್ದು. ಬಿದ್ದದ್ದನ್ನು ನೋಡಬಾರದೆಂದು ಯಾರೂ ಹೇಳಿಲ್ಲ. ಅಂಥ ವಾದ ನನಗೆ ಕೋರ್ಟಿನಲ್ಲಿ ಎಂದೂ ಹೊಳೆದಿಲ್ಲ.

ಸಾಬೂನಿನ ನೀರಿನಲ್ಲಿ ಸಿ.ಡಿ.ಗೆ ಸ್ನಾನವಾಯಿತು. ಅವ್ವನ ಹಳೆಯ ನೂಲಿನ ಸೀರೆಯ ತುಂಡಿನಿಂದ, ನಡುವಿನಿಂದ ಅಂಚಿಗೆ ಒರೆಸಿದೆವು. ಅರಿಷಿಣದ ತೆಳು ಕಲೆ ಉಳಿಯಿತು. ಇನ್ನೊಮ್ಮೆ ಹಚ್ಚಿದೆ. ಭಟ್ಟರು ಹಾಡಿದರು, ಜನ ಕೈಯೆತ್ತಿದರು, ಚಿತ್ರ ಒಮ್ಮೆ ಬಿಕ್ಕಿದಂತೆ ಮಾಡಿ ಮುಂದೆ ಹೋಯಿತು. ಕಾಳು ಸುರಿದವು. ತಲೆ ಬಗ್ಗಿಸಿ ನಿಂತಿದ್ದ ತಂಗಿ ಆಗ ತಲೆಯೆತ್ತಿದಳು. ಗಂಡನ ಕಡೆಗಲ್ಲ, ಕ್ಯಾಮೆರಾದ ಕಡೆಗೂ ಅಲ್ಲ, ಮನೆಯ ಕಡೆ ತಿರುಗಿ ನೋಡುತ್ತಿದ್ದಳು.

“ಆ ಕಡಿ ಯಾಕ ನೋಡಾಕತ್ತಿದ್ದಿ?” ಎಂದು ಅವ್ವ ಕೇಳಿದಳು.

“ಕದದ ಹಿಂದ ನೀ ಇದ್ದೆಲ್ಲ ಅವ್ವಾ.”

ಅವ್ವ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ಅರಿಷಿಣದ ಜೋಳ. ಮದುವೆಯ ದಿನ ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗೆ ಕುಳಿತು, ಹಾಕಲಾಗದೆ ಉಳಿದದ್ದನ್ನು ಜೋಪಾನ ಮಾಡಿಟ್ಟು, ಆ ಬೆಳಿಗ್ಗೆ ಸೆರಗಿಗೆ ಕಟ್ಟಿಕೊಂಡಿದ್ದಳು. ಅರ್ಧ ತಂಗಿಯ ತಲೆಯ ಮೇಲೆ ಹಾಕಿದಳು. ಉಳಿದರ್ಧವನ್ನು, ನಾನು ಅಡ್ಡ ಬರುವಷ್ಟರಲ್ಲಿ, ಮಾನಿಟರಿನ ಮೇಲೆ ಬೀರಿದಳು.

“ಅಳಿಯ ಅದರಾಗ ಅದಾನಲ್ಲಪಾ,” ಎಂದಳು.

ತಂಗಿಗೆ ಬಸ್ಸು ಸಿಕ್ಕಿತು. ಆ ಸಂಜೆ ನಾನು ಕೀಬೋರ್ಡನ್ನು ಬೋರಲು ಮಾಡಿ ಜೋಳ ಉದುರಿಸುತ್ತ ಕುಳಿತಿದ್ದೆ. ಒಂದು ಕಾಳು ಮಾತ್ರ ಎಷ್ಟು ಜಾಡಿಸಿದರೂ ಹೊರಬರಲಿಲ್ಲ, ಇರಲಿ ಎಂದು ಬಿಟ್ಟೆ.