ಹಮೀದಾಕನ ಐದನೇ ಭಾಷೆ

ಮೊನ್ನೆ ಪುತ್ತೂರಿನಿಂದ ಕಡಬದ ಬಸ್ಸು ಹತ್ತಿ, ದಾರಿಯಲ್ಲಿ ಸಿಗುವ ಸವಣೂರಿಗೆ ಹೊರಟಿದ್ದೆ. ಪರಿಚಯದವರೊಬ್ಬರ ಮನೆ ಒಕ್ಕಲು. ಹೋಗಿ ಊಟ ಮಾಡಿ, ಮನೆ ಚೆನ್ನಾಗಿದೆ ಎಂದು ಹೇಳಿ ಬರುವುದಷ್ಟೇ ಕೆಲಸ. ಬಸ್ಸಿನಲ್ಲಿ ಪಕ್ಕದವರ ಕಾಲಡಿಯಲ್ಲಿ ಒಂದು ಖಾಲಿ ಗೋಣಿಚೀಲವಿತ್ತು. ಅದರಿಂದ ರಬ್ಬರ್ ಶೀಟಿನ ಹುಳಿ ವಾಸನೆ ಬರುತ್ತಿತ್ತು. ಅಭ್ಯಾಸವಿಲ್ಲದವರಿಗೆ ಅದು ನಾತ. ನೀವು ಮೂಗು ಮುಚ್ಚಿಕೊಂಡರೆ ನಾನು ಬೇಸರಿಸುವುದಿಲ್ಲ. ನನಗೆ ಮಾತ್ರ ಅದು ಕಡಬದ ವಾಸನೆ, ಅದರಲ್ಲೂ ಹಮೀದಾಕನ ಅಂಗಡಿಯದು.

ನಾನು ಹುಟ್ಟಿದ್ದು ಸುಳ್ಯದ ಬಳಿ, ಮಾಷ್ಟ್ರಾಗಿ ಮೊದಲು ದುಡಿದದ್ದು ಕಡಬದಲ್ಲಿ, ನಿವೃತ್ತನಾಗಿ ಕೂತದ್ದು ಪುತ್ತೂರಿನಲ್ಲಿ. ಮೂರೂ ಊರಿನವರು ನನ್ನನ್ನು ಉಳಿದೆರಡು ಊರಿನವನೆಂದೇ ತಿಳಿದಿದ್ದಾರೆ. ಆಗೆಲ್ಲ ಸುಳ್ಯದವರು ಸೀರೆಗೂ ಸಿನಿಮಾಕ್ಕೂ ಕೋರ್ಟಿಗೂ ಪುತ್ತೂರಿಗೆ ಹೋಗುತ್ತಿದ್ದರು. ಪುತ್ತೂರಿನವರು ಸುಳ್ಯಕ್ಕೆ ಬಂದರೆ ಹೆಣ್ಣು ನೋಡಲಿಕ್ಕೆ ಎಂದು ಲೆಕ್ಕ. ಕಡಬಕ್ಕೆ ಮಾತ್ರ ವರ್ಗವಾದವರ ಹೊರತು ಯಾರೂ ಹೋಗುತ್ತಿರಲಿಲ್ಲ. ಈಗ ಅದೂ ತಾಲೂಕು ಕೇಂದ್ರ, ನೆಲದ ಮೇಲೆ ಕಾಲೇ ಇಲ್ಲ. ನಾನು ಹೋದಾಗ ನಾಲ್ಕಾರು ಅಂಗಡಿ, ಜನ ತುಂಬುವವರೆಗೆ ಹೊರಡದ ಜೀಪುಗಳು, ಜೀಪು ತುಂಬುವವರೆಗೆ ಮುಗಿಯದ ಮಾತು. ಅಷ್ಟೇ ಊರು.

ಆ ಮಾತಿನ ನಡುವೆ ಹಮೀದಾಕ ರಬ್ಬರ್ ಶೀಟು ತೂಗುತ್ತಿದ್ದರು. ಹಮೀದಣ್ಣ ಎನ್ನುವ ಹಾಗೆ ಊರಿಗೆಲ್ಲ ಹಮೀದಾಕ. ನೆಲ್ಯಾಡಿ ಕಡೆಯ ರಬ್ಬರ್ ತೋಟದವರು ಬಂದರೆ "ಚೇಟ್ಟಾ" ಎಂದು ಮಲಯಾಳ, ಕೂಲಿಯವರೊಡನೆ ತುಳು, ತಮ್ಮವರೊಡನೆ ಬ್ಯಾರಿ, ಬ್ಯಾಂಕಿನವರೊಡನೆ ಕನ್ನಡ. ನನ್ನೊಡನೆ ನಮ್ಮ ಸುಳ್ಯ ಕಡೆಯ ಮನೆಮಾತು, ಅರೆಭಾಷೆ. ಎಳೆಯ ಪ್ರಾಯದಲ್ಲಿ ಸುಳ್ಯದ ಅಡಿಕೆ ಅಂಗಡಿಯೊಂದರಲ್ಲಿ ದುಡಿಯುವಾಗ ಕಲಿತದ್ದಂತೆ. ಮೊದಲ ದಿನವೇ ನನ್ನ ಊರು ಕೇಳಿ, "ಎಂತ ಮಗ, ಊಟ ಆತಾ? ಅವ್ವಂಗೆ ಹುಷಾರುಟ್ಟಾ?" ಎಂದರು. ಅಕ್ಷರಶಃ ನಮ್ಮ ಅಂಗಳದ ಮಾತು. ಮನೆ ಬಿಟ್ಟು ಹದಿನೈದು ದಿನವಾಗಿದ್ದ ನಾನು ಅಲ್ಲೇ ಕೂತುಬಿಟ್ಟೆ.

ನಮ್ಮ ಕಡೆ ಒಂದು ಮರ್ಯಾದೆ ಉಂಟು, ಯಾರೂ ಹೇಳಿಕೊಟ್ಟದ್ದಲ್ಲ. ಎದುರಿನವರ ಮನೆಮಾತಿನಲ್ಲಿ ಮಾತು ತೆಗೆಯಬಹುದು. ಆದರೆ ಅವರು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೋ ಮುಂದಿನದು ಆ ಭಾಷೆಯಲ್ಲೇ. ಬಲವಂತ ಮಾಡಬಾರದು. ಇದು ಗೊತ್ತಿದ್ದೂ ನಾನು ಎಡವಿದೆ.

ಒಂದು ದಿನ ಘಟ್ಟದ ಮೇಲಿನ ಅಧಿಕಾರಿಯೊಬ್ಬರು ಶಾಲೆ ನೋಡಲು ಬಂದಿದ್ದರು. ನನ್ನ ಕನ್ನಡ ಪಾಠ ಕೇಳಿ, "ಎಷ್ಟು ಶುದ್ಧ ಭಾಷೆ ರೀ ನಿಮ್ದು!" ಎಂದಿದ್ದರು. ನಾನು ಉಬ್ಬಿಹೋಗಿದ್ದೆ. ಅವರನ್ನು ಜೀಪು ಹತ್ತಿಸಲು ಹೋಗುವಾಗ ಅಂಗಡಿಯಿಂದ ಹಮೀದಾಕ ಎಂದಿನಂತೆ ಕೂಗಿ ಅವ್ವನನ್ನು ವಿಚಾರಿಸಿದರು. ನಾನು ನಿಂತು, ಪಠ್ಯಪುಸ್ತಕ ಓದುವವನ ಹಾಗೆ, "ನಮ್ಮ ತಾಯಿಯವರು ಕ್ಷೇಮವಾಗಿದ್ದಾರೆ, ಸಾಹೇಬರೇ" ಎಂದೆ. ಹಮೀದಾಕ ಒಂದು ಗಳಿಗೆ ನನ್ನನ್ನು ನೋಡಿ, ತಕ್ಕಡಿಯತ್ತ ತಿರುಗಿದರು.

ಮರುದಿನ ಹೋದಾಗ, "ಬನ್ನಿ ಮಾಷ್ಟ್ರೆ, ಎಂತ ಬೇಕಿತ್ತು?" ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಾಲು ಹಿಡಿಯಬಹುದಿತ್ತು. ನನಗೆ ಕನ್ನಡ ಬೇಕು, ಕನ್ನಡ ಕೊಟ್ಟರು, ಅಷ್ಟೇ. ನಾನೇ ಒಂದು ಮಾತು ಅರೆಭಾಷೆಯಲ್ಲಿ ಆಡಿದ್ದರೆ ಎಲ್ಲ ಸರಿಯಾಗುತ್ತಿತ್ತು. ನಾಚಿಕೆ ಬಿಡಲಿಲ್ಲ. ನಾಳೆ ಆಡಿದರಾಯಿತು ಎಂದುಕೊಳ್ಳುತ್ತಲೇ ನನಗೆ ಪುತ್ತೂರಿಗೆ ವರ್ಗವಾಯಿತು.

ಮದುವೆ ನಾನು ಆಗಲಿಲ್ಲ. ಪುತ್ತೂರಿನ ಬಾಡಿಗೆ ಮನೆಯಲ್ಲಿ ನಾನೂ ಅವ್ವನೂ. ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಸುಳ್ಯದಲ್ಲಿ ಬಂಧುಗಳಿದ್ದಾರೆ, ತಮ್ಮತಮ್ಮೊಳಗೆ ಅರೆಭಾಷೆಯಲ್ಲೇ ನಗುತ್ತಾರೆ, ನನ್ನತ್ತ ತಿರುಗಿದ ಕೂಡಲೇ ಕನ್ನಡ. ಶುದ್ಧ ಭಾಷೆಯ ಮಾಷ್ಟ್ರಲ್ಲವೇ! ಮಾಡಿದ್ದುಣ್ಣೋ ಮಹಾರಾಯ. ಕೆಲವು ದಿನ ಅನ್ನ ಬಸಿಯುವಾಗ ನನ್ನಷ್ಟಕ್ಕೆ ಒಂದೆರಡು ಮಾತು ಆಡಿಕೊಳ್ಳುತ್ತೇನೆ. ಉತ್ತರ ಬರುವುದಿಲ್ಲ ಎಂಬುದು ಗೊತ್ತಿದ್ದರೂ ಬೇಸರವಾಗುತ್ತದೆ.

"ಸವಣೂರು ಬಂತು, ಇಳಿಯುದಿಲ್ವಾ?" ಎಂದ ಕಂಡಕ್ಟರ್.

"ಕಡಬಕ್ಕೆ ಕೊಡಿ."

"ಎಂತ ಮಾರಾಯ್ರೆ, ಮೊದ್ಲೇ ಹೇಳ್ಬಾರ್ದಾ?"

ಹೇಳಬಹುದಿತ್ತು. ಮೂವತ್ತು ವರ್ಷ ಮೊದಲೇ.

ಹಮೀದಾಕನ ಅಂಗಡಿ ಈಗ ಮೊಬೈಲ್ ಅಂಗಡಿ. ಅಲ್ಲಿದ್ದ ಅವರ ಮೊಮ್ಮಗಳ ಗಂಡ ಹಿಂದಿನ ಮನೆಗೆ ಕರೆದೊಯ್ದ. ಹಮೀದಾಕ ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಕಣ್ಣು ಮಂಜಾಗಿದೆಯಂತೆ. ದಾರಿಯುದ್ದಕ್ಕೂ ಉರು ಹೊಡೆದ ಮಾತನ್ನು ಹೇಳಿದೆ: "ಹಮೀದಾಕ, ನಾ ಬಂದೆ. ಹುಷಾರುಟ್ಟಾ?"

ಅವರು ಮುಖವೆತ್ತಿದರು. ದನಿ ಗುರುತಾಯಿತು. "ಓ, ಮಾಷ್ಟ್ರು! ಬನ್ನಿ ಬನ್ನಿ, ಕೂತ್ಕೊಳ್ಳಿ."

ಕನ್ನಡವೇ. ನಾನು ಹಟ ಬಿಡದೆ ಮತ್ತೆ ಎರಡು ಮಾತು ಅರೆಭಾಷೆಯಲ್ಲಿ ಆಡಿದೆ. ಅವರ ತುಟಿ ಅಲುಗಿತು. ಏನೋ ಹುಡುಕಿದರು, ಸಿಗಲಿಲ್ಲ. ಕೊನೆಗೆ ನಕ್ಕು, "ಅದು ಬಿಟ್ಟುಹೋಯ್ತು ಮಾಷ್ಟ್ರೆ. ಇಲ್ಲಿ ನಿಮ್ಮ ಹತ್ರ ಮಾತ್ರ ಆಡ್ತಿದ್ದದ್ದಲ್ವಾ?" ಎಂದರು.

ನಾನು ಕಳೆದುಕೊಂಡದ್ದು ನನ್ನದು ಮಾತ್ರ ಎಂದು ಇಷ್ಟು ವರ್ಷ ತಿಳಿದಿದ್ದೆ.

"ನೀವು ಆಡಿ," ಎಂದರು ಹಮೀದಾಕ. "ಕೇಳಿದ್ರೆ ಅರ್ಥ ಆಗ್ತದೆ ನಂಗೆ."

"ಅವ್ವ ಹೋತ್, ಹಮೀದಾಕ," ಎಂದೆ.

ಎರಡು ವರ್ಷಗಳಲ್ಲಿ ಎಷ್ಟೋ ಜನಕ್ಕೆ ಈ ಸುದ್ದಿ ಹೇಳಿದ್ದೇನೆ, ಕನ್ನಡದಲ್ಲಿ, ಒಂದು ಹನಿ ಕಣ್ಣೀರಿಲ್ಲದೆ. ಈ ಭಾಷೆಯಲ್ಲಿ ಹೇಳಿದ್ದು ಅದೇ ಮೊದಲು. ಹೇಳುತ್ತಿದ್ದಂತೆ ಅಳು ಒತ್ತರಿಸಿ ಬಂತು, ತಡೆಯಲಾಗಲಿಲ್ಲ. ಹಮೀದಾಕ ತಡವರಿಸಿ ನನ್ನ ಕೈ ಹಿಡಿದುಕೊಂಡರು.

"ನಿಧಾನ ಹೇಳಿ ಮಾಷ್ಟ್ರೆ," ಎಂದರು. "ಬಸ್ಸು ಇನ್ನೂ ಉಂಟು."