ನಾಲ್ಕು ಮರಿ, ಒಂದು ದಿಗ್ಭ್ರಮೆ

ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ: ಐದನೇ ತರಗತಿಯಲ್ಲಿದ್ದಾಗ ಬೇರೆಯವರ ಪತ್ರದೊಳಗೆ ನನ್ನದೊಂದು ಪದ ತುರುಕಿದ್ದೇನೆ. ಇವತ್ತು ಬೀದರಿನ ಅಂಚೆ ಕಚೇರಿಯ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾಪ ಎದ್ದು ಕುಳಿತಿತು.

ಬರದ ವರ್ಷಗಳವು. ಔರಾದಿನ ನಮ್ಮ ಓಣಿಯಲ್ಲಿ ಬರಹಕ್ಕೆ ಮಾತ್ರ ಬರವಿರಲಿಲ್ಲ. ಗಂಡಸರು ಹೈದರಾಬಾದಿಗೆ ಕೂಲಿಗೆ ಹೋಗಿದ್ದರು, ಹೆಂಗಸರಿಗೆಲ್ಲ ಪತ್ರ ಬರೆದುಕೊಡುವವನು ನಾನು.

ಪಕ್ಕದ ಮನೆಯ ರತ್ನಾ ಕಾಕಿ ಕಾಕಾನಿಗೆ ಪತ್ರ ಬರೆಸಲು ಕುಳಿತು, ಎಲೆ ಅಡಿಕೆ ಮೆಲ್ಲುತ್ತ ಹೇಳಿದರು: "ಮೊದಲ ಬರಿ, ನಾವೆಲ್ಲಾ ದಂಗ್ ಆಗೇವಿ ಅಂತ. ಆಮ್ಯಾಲ ಆಡು ನಾಕು ಮರಿ ಹಾಕ್ಯಾದ ಅಂತ ಬರಿ. ವರ್ಷಾತು, ಮಾರಿ ತೋರ್ಸಿಲ್ಲ. ಮರೀನರ ನೋಡ್ಲಾಕ ಬರ್ಲಿ!"

ನನಗೆ "ದಂಗ್" ತೀರಾ ಬಡಪದವೆನ್ನಿಸಿತು. ಪೇಪರಿನಲ್ಲಿ ಕಂಡಿದ್ದ "ದಿಗ್ಭ್ರಮೆ"ಯನ್ನು ಹಾಕಿದೆ.

ವಾರದೊಳಗೆ ಕಾಕಾ ಬರಿಗಾಲಲ್ಲಿ ಅಳುತ್ತ ಓಡಿಬಂದರು. ಪತ್ರ ಓದಿ ಹೇಳುತ್ತಿದ್ದ ಮೇಸ್ತ್ರಿ ಆ ಪದಕ್ಕೇ ನಿಂತು, "ಇದು ಸಾವಿನ ಸುದ್ದ್ಯಾಗ ಬರೋ ಮಾತು, ಲಗೂನ ಹೋಗಪಾ" ಎಂದು ಬಸ್ಸು ಹತ್ತಿಸಿದ್ದನಂತೆ.

"ಯಾರು ಹೋದ್ರು?" ಎಂದು ಕಾಕಾ ಚೀರಿದರೆ, ಒಳಗಿಂದ ನಾಲ್ಕು ಮರಿಗಳು "ಮ್ಯಾ" ಎಂದವು.

ಕಾಕಿ ನನ್ನ ಕಿವಿ ಹಿಡಿದರು. ಆದರೆ ಹಿಂಡಲಿಲ್ಲ, ಬಗ್ಗಿ ಪಿಸುಗುಟ್ಟಿದರು: "ದೀಪಾವಳಿಗೂ ಇದೇ ಮಾತು ಹಾಕಪಾ."

ಗಂಡಹೆಂಡಿರನ್ನು ಒಂದೇ ಪದದಿಂದ ಕೂಡಿಸಿದ ಪಂಡಿತ ನಾನು, ಆ ಪದದ ಜಾಗ ನನಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂದು ಇಷ್ಟು ವರ್ಷ ಮೆರೆದೆ. ಈಗ ಪಕ್ಕದಲ್ಲಿ ಕುಳಿತ ಹೆಂಡತಿ "ಪೂರಾ ಬರೀರಿ" ಎನ್ನುತ್ತಿದ್ದಾಳೆ. ಬರೆಯುತ್ತೇನೆ: ಭಾಲ್ಕಿಗೆ ಹೆಣ್ಣು ನೋಡಲು ಹೋಗಿಬಂದ ಮೇಲೆ, ಈಕೆಗೆ "ನಿಮ್ಮನ್ನು ಕಂಡು ದಿಗ್ಭ್ರಮೆಗೊಂಡೆ" ಎಂದು ಮೊದಲ ಪತ್ರ ಬರೆದವನೂ ನಾನೇ. ಆಗ ನಾನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ.